ಹಳೇ ರೇಸ್ ಸೈಕಲ್ಲು ಸಿಕ್ಕರೆ ಮೊದಲು ಕೀಲು ನೋಡಿ

ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರಲ್ಲಿ 23 ಕಿ.ಮೀ. ಸೈಕಲ್ ಹಾದಿ ಶುರುವಾಯಿತು. ಬಹುಪಾಲು ದಾರಿಗೆ ಸೌರಫಲಕಗಳದ್ದೇ ಸೂರು. ಅಲ್ಲಿ ಓಡುವ ಕಾರ್ಬನ್, ಅಲ್ಯೂಮಿನಿಯಂ ಸೈಕಲ್ಲುಗಳ ನಡುವೆ ಹಳೆಯ ಉಕ್ಕಿನ ರೇಸ್ ಸೈಕಲ್ಲೊಂದು ಕಂಡರೆ, ಅದರ ಪೈಪುಗಳು ಕೂಡುವ ಜಾಗವನ್ನು ಗಮನಿಸಿ. ಪೈಪಿನ ತುದಿಗೆ ತೊಡಿಸಿದ ಲೋಹದ ತೋಳೊಂದು ಕಾಣುತ್ತದೆ. ಅದೇ ಲಗ್.

ಊರಲ್ಲಿ ಹಾಲಿನ ಕ್ಯಾನು ಹೊರುತ್ತಿದ್ದ ಕಪ್ಪು ಸೈಕಲ್ಲಿಗೂ ಲಗ್ ಇತ್ತು. ಆದರೆ ಅದರ ಪೈಪು ದಪ್ಪ. ರೇಸಿನ ಕಥೆ ಬೇರೆ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1897ರಲ್ಲೇ ತುದಿಗಳಲ್ಲಿ ದಪ್ಪ, ನಡುವೆ ತೆಳುವಾದ ಪೈಪಿಗೆ ಪೇಟೆಂಟ್ ಪಡೆದಿತ್ತು. 1935ರಲ್ಲಿ ಅದರ ಹೆಸರಾಂತ ‘531’ ಉಕ್ಕು ಬಂತು. ಇಂಥ ಪೈಪಿನ ನಡುಭಾಗದ ದಪ್ಪ ಸುಮಾರು ಅರ್ಧ ಮಿ.ಮೀ. ಅಷ್ಟೇ. ಅತಿಯಾಗಿ ಕಾಯಿಸಿದರೆ ಅದರ ಕಸುವೇ ಹೋಗುತ್ತದೆ.

ಲಗ್ ಬೇಕಾದದ್ದು ಇಲ್ಲಿ. ಪೈಪಿಗೂ ಲಗ್ಗಿಗೂ ನಡುವೆ ಕೂದಲೆಳೆಯಷ್ಟು ಸಂದು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಿತ್ತಾಳೆ ಕರಗಿ, ದೀಪದ ಬತ್ತಿ ಎಣ್ಣೆ ಹೀರುವಂತೆ ಆ ಸಂದಿನೊಳಗೆ ಹರಡುತ್ತದೆ. ಬೆಳ್ಳಿ ಮಿಶ್ರಿತ ಬೆಸುಗೆಗೆ ಇನ್ನೂ ಕಡಿಮೆ ಶಾಖ ಸಾಕು. ಉಕ್ಕು ಮಾತ್ರ ಕರಗುವುದಿಲ್ಲ.

ಲಗ್ಗಿನ ಅಂಚಿನ ಚೂಪು ತುದಿ, ಬಳ್ಳಿಯಂಥ ಕೊರೆತ ಬರೀ ಅಂದಕ್ಕಲ್ಲ. ಲಗ್ ನೇರವಾಗಿ ಕತ್ತರಿಸಿದಂತೆ ಮುಗಿದರೆ ಪೆಟ್ಟೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಪೈಪು ಅಲ್ಲಿಯೇ ಬಿರುಕು ಬಿಡಬಹುದು. ಚೂಪಾಗಿ ಇಳಿದರೆ ಭಾರ ಮೆಲ್ಲಗೆ ಹಂಚಿಹೋಗುತ್ತದೆ. ನಡುವೆ ಕೊರೆದ ಕಿಂಡಿ ತೂಕ ಇಳಿಸುತ್ತದೆ. ಬೆಸುಗೆ ಅಲ್ಲಿಯವರೆಗೆ ಹರಿಯಿತೇ ಎಂಬುದನ್ನೂ ತೋರಿಸುತ್ತದೆ. ಲಂಡನ್ನಿನ ಹೆಚಿನ್ಸ್ ಕಂಪನಿ ಈ ಕೊರೆತವನ್ನು ಆಭರಣದ ಕೆಲಸದ ಮಟ್ಟಕ್ಕೆ ಒಯ್ದಿತು.

ಮೊದಲು ತಗಡು ಒತ್ತಿ ಮಾಡಿದ ಲಗ್ಗನ್ನು ಕುಶಲಕರ್ಮಿ ಗಂಟೆಗಟ್ಟಲೆ ಅರದಿಂದ ಉಜ್ಜಿ ತೆಳುಗೊಳಿಸಬೇಕಿತ್ತು. 1970ರ ದಶಕದ ಹೊತ್ತಿಗೆ ಇಟಲಿಯ ಸಿನೆಲ್ಲಿಯಂಥವರು ಮೇಣದ ಅಚ್ಚಿನಿಂದ ಎರಕ ಹೊಯ್ದ ಲಗ್ ತಂದರು. ಮೂಲತಃ ನಮ್ಮ ಪಂಚಲೋಹದ ವಿಗ್ರಹಗಳನ್ನು ಎರಕ ಹೊಯ್ಯುವ ವಿಧಾನವೇ ಅದು. ಅಳತೆ ಕರಾರುವಾಕ್ಕಾಯಿತು, ಉಜ್ಜುವ ಕೆಲಸ ತಗ್ಗಿತು. ಮುಂದೆ 1995ರಲ್ಲಿ ವೆಲ್ಡಿಂಗ್ ಶಾಖಕ್ಕೆ ಇನ್ನಷ್ಟು ಗಟ್ಟಿಯಾಗುವ ರೆನಾಲ್ಡ್ಸ್ ‘853’ ಉಕ್ಕು ಬಂತು. ಲಗ್ ಇಲ್ಲದೆ ತೆಳು ಪೈಪು ಕೂಡಿಸುವುದು ಇನ್ನಷ್ಟು ಸುಲಭವಾಯಿತು.

ಎರ್ರಗಡ್ಡದ ಭಾನುವಾರದ ಸಂತೆಯಲ್ಲೋ ನೆರೆಮನೆಯ ಅಟ್ಟದ ಮೇಲೋ ಹಳೆಯ ಫ್ರೇಮು ಸಿಕ್ಕರೆ ಸೀಟಿನ ಕಂಬ ಹೊರತೆಗೆದು, ಅದರ ಮೇಲೆ ಒತ್ತಿದ ಅಂಕಿ ಓದಿ. ‘27.2’ ಎಂದಿದ್ದರೆ ಫ್ರೇಮು ತೆಳು ಪೈಪಿನದಿರುವ ಸಾಧ್ಯತೆ ಹೆಚ್ಚು. ಪೈಪು ನಜ್ಜುಗುಜ್ಜಾಗಿದ್ದರೂ ಗುಜರಿಗೆ ಹಾಕಬೇಡಿ. ಕಬ್ಬಿಣದ ಗೇಟು ಬೆಸೆಯುವ ಅಂಗಡಿಗಂತೂ ಒಯ್ಯಲೇಬೇಡಿ. ಆ ಉರಿಗೆ ಪೈಪು ತೂತು ಬೀಳುತ್ತದೆ. ಹಿತ್ತಾಳೆ ಬೆಸುಗೆ ಬಲ್ಲವರು ಲಗ್ ಕಾಯಿಸಿ, ಕೆಟ್ಟ ಪೈಪೊಂದನ್ನೇ ಬಿಚ್ಚಿ ಹೊಸದು ಕೂಡಿಸಬಲ್ಲರು. ಬಿಚ್ಚಿ ಕಟ್ಟಲು ಬರುವುದು, ಇದೇ ಲಗ್ಗಿನ ದೊಡ್ಡ ಗುಣ.