ಕಾರಂಜಾ ನೀರಿನಡಿ ಒಂದು ರಂಟೆ

ಬೀದರ್ ನಗರದ ಚಿದ್ರಿಯ ಓದುಗರೊಬ್ಬರು ಹತ್ತಡಿ ಉದ್ದದ ಪ್ಲಾಸ್ಟಿಕ್ ಕಯಾಕ್ ಕೊಂಡಿದ್ದಾರೆ. ಬಿಡುವಿನ ದಿನ ಅದನ್ನು ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿಗೆ ಒಯ್ದು ಗಾಳ ಹಾಕಿ ಕೂರುವುದು ಅವರ ಆಸೆ. ಗಾಳಿ ಎದ್ದರೆ ಮಾತ್ರ ದೋಣಿ ನಿಂತಲ್ಲಿ ನಿಲ್ಲುವುದಿಲ್ಲ. "ಹತ್ತು ಕಿಲೊ ಕಲ್ಲು ಕಟ್ಟಿ ಬಿಟ್ಟರೂ ಎಳಕೊಂಡು ಹೋಗ್ತದ್ರಿ. ಹದಿನೈದು ಕಿಲೊ ಕಟ್ಟಲೇನ್ರಿ?" ಎಂದು ಕೇಳಿದ್ದಾರೆ.

ಖಂಡಿತ ಬೇಡ. ಲಂಗರು ತನ್ನ ಭಾರದಿಂದ ದೋಣಿಯನ್ನು ಹಿಡಿಯುತ್ತದೆ ಎಂಬ ನಂಬಿಕೆ ಕೆರೆಯ ದಂಡೆಯಿಂದ ಕಡಲತೀರದವರೆಗೂ ಹಬ್ಬಿದೆ. ಅದನ್ನು ಬಿಡಿಸಲು ಸಣ್ಣದೊಂದು ಲೆಕ್ಕ ಸಾಕು. ಕರಿಕಲ್ಲು ನೀರಿಗಿಂತ ಸುಮಾರು 2.8 ಪಟ್ಟು ಭಾರ. ಹಾಗಾಗಿ ದಂಡೆಯಲ್ಲಿ 10 ಕಿಲೊ ತೂಗುವ ಕಲ್ಲು ನೀರಿಗೆ ಇಳಿದೊಡನೆ 6.4 ಕಿಲೊ ಆಗುತ್ತದೆ. ತಳದ ಮೇಲೆ ಸುಮ್ಮನೆ ಕುಳಿತ ಕಲ್ಲು ತನ್ನ ತೂಕದ ಅರ್ಧದಷ್ಟು ಎಳೆತವನ್ನು ತಡೆದೀತು ಎಂದುಕೊಂಡರೂ ಉಳಿಯುವುದು ಮೂರು ಕಿಲೊ ಚಿಲ್ಲರೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ, ಮೂತಿಯನ್ನು ತನ್ನತ್ತ ತಿರುಗಿಸಿ ನಿಂತ ಪುಟ್ಟ ಕಯಾಕನ್ನು ಹೆಚ್ಚುಕಡಿಮೆ ಅಷ್ಟೇ ಬಲದಿಂದ ತಳ್ಳುತ್ತದೆ. ದೋಣಿ ಅಡ್ಡ ತಿರುಗಿತೋ, ಆ ಬಲ ಎರಡು ಪಟ್ಟು ಮೀರುತ್ತದೆ. ಕಲ್ಲು ಜಾರುವುದರಲ್ಲಿ ಅಚ್ಚರಿಯೇನಿದೆ?

ಅಚ್ಚರಿ ಇರುವುದು ಇನ್ನೊಂದು ಕಡೆ. ಕಯಾಕಿಗೆಂದೇ ಮಾರುವ, ನಾಲ್ಕು ಕೊಕ್ಕೆಗಳನ್ನು ಮಡಚಿಡಬಹುದಾದ ಲಂಗರಿನ ತೂಕ ಬರೀ ಒಂದೂವರೆ ಕಿಲೊ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿಯನ್ನು ಕಂಡವರಿಗೆ ಅದರ ರೂಪವನ್ನು ವಿವರಿಸಬೇಕಿಲ್ಲ. ಹತ್ತು ಕಿಲೊ ಕಲ್ಲು ಸೋತಲ್ಲಿ ಇದು ಗೆಲ್ಲುತ್ತದೆ. ಕಾರಣ, ಇದು ನೆಲದ ಮೇಲೆ ಕೂರುವುದಿಲ್ಲ, ನೆಲವನ್ನು ಕಚ್ಚುತ್ತದೆ.

ಕಚ್ಚುವುದೆಂದರೇನು ಎಂಬುದು ಭಾಲ್ಕಿ, ಔರಾದ್ ಸೀಮೆಯ ರೈತರಿಗೆ ಚೆನ್ನಾಗಿ ಗೊತ್ತು. ರಂಟೆಯ ಕುಳ ಎರೆಮಣ್ಣಿಗೆ ಇಳಿಯುವುದು ಅದರ ತೂಕದಿಂದಲ್ಲ, ಎತ್ತುಗಳು ಎಳೆಯುವ ಕೋನದಿಂದ. ಎಳೆತ ನೆಲಕ್ಕೆ ಸಮನಾಗಿದ್ದಷ್ಟೂ ಕುಳ ಆಳಕ್ಕೆ ಹೋಗುತ್ತದೆ. ಮೇಲಕ್ಕೆ ಎಳೆದರೆ ಮಣ್ಣು ಬಿಟ್ಟು ಎದ್ದು ಬರುತ್ತದೆ. ಲಂಗರಿನ ವಿಜ್ಞಾನವೆಲ್ಲ ಈ ಒಂದು ಮಾತಿನಲ್ಲಿದೆ. ಕೇಂಬ್ರಿಜ್‌ನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್ 1933ರಲ್ಲಿ ಪೇಟೆಂಟ್ ಪಡೆದ ಲಂಗರಿಗೆ ನೇಗಿಲ ಆಕಾರವೇ ಇತ್ತು. ಪುಟ್ಟ ಹಾಯಿದೋಣಿಯಲ್ಲಿ ಕಡಲು ಸುತ್ತುತ್ತಿದ್ದ ಟೇಲರ್‌ಗೆ ಹಗುರವಾದ, ಆದರೆ ಬಿಗಿಯಾಗಿ ಹಿಡಿಯುವ ಲಂಗರು ಬೇಕಿತ್ತು. ಅವರು ಅದಕ್ಕಿಟ್ಟ ಹೆಸರು 'ಸಿ.ಕ್ಯು.ಆರ್.', ಬೇಗ ಉಚ್ಚರಿಸಿದರೆ 'ಸೆಕ್ಯೂರ್' ಎಂದು ಕೇಳುತ್ತದೆ. 1945ರ ಮೊದಲ ಅಣುಬಾಂಬ್ ಪರೀಕ್ಷೆಯ ಬೆಂಕಿಯುಂಡೆಯ ಚಿತ್ರಗಳನ್ನು ನೋಡಿಯೇ ಸ್ಫೋಟದ ಶಕ್ತಿಯನ್ನು ಲೆಕ್ಕಹಾಕಿದ ಟೇಲರ್ ಇವರೇ!

ಎಳೆತವನ್ನು ನೆಲಕ್ಕೆ ಸಮ ಮಾಡುವುದು ಹೇಗೆ? ಹಗ್ಗವನ್ನು ಉದ್ದ ಬಿಟ್ಟು. ಮೂರು ಮೀಟರ್ ಆಳದ ನೀರಿಗೆ ಆರು ಮೀಟರ್ ಹಗ್ಗ ಬಿಟ್ಟರೆ ಅದು ತಳದಿಂದ 30 ಡಿಗ್ರಿ ಮೇಲಕ್ಕೆ ಎಳೆಯುತ್ತದೆ. ಅದೇ 21 ಮೀಟರ್ ಬಿಟ್ಟರೆ ಕೋನ ಎಂಟು ಡಿಗ್ರಿಗೆ ಇಳಿಯುತ್ತದೆ. ಆಳದ ಐದರಿಂದ ಏಳು ಪಟ್ಟು ಹಗ್ಗ ಬೇಕೆಂದು ನಾವಿಕರು ಹೇಳುವುದು ಇದಕ್ಕೇ. ಲಂಗರಿನ ಹತ್ತಿರ ಒಂದು ಮೀಟರ್ ಸರಪಳಿ ಸೇರಿಸಿದರೆ ಅದರ ಭಾರಕ್ಕೆ ಹಗ್ಗದ ತುದಿ ನೆಲದ ಮೇಲೆ ಮಲಗಿ, ಕೊಕ್ಕೆ ಇನ್ನೂ ಚೆನ್ನಾಗಿ ಕಚ್ಚುತ್ತದೆ.

ಹಿಂದಿನವರು ಕಲ್ಲನ್ನೇ ಬಳಸುತ್ತಿರಲಿಲ್ಲವೇ ಎನ್ನಬಹುದು. ಬಳಸುತ್ತಿದ್ದರು, ಆದರೆ ಬರೀ ಕಲ್ಲನ್ನಲ್ಲ. ಲೋಥಲ್ ಉತ್ಖನನ ನಡೆಸಿದ ಕನ್ನಡಿಗ, ಶಿಕಾರಿಪುರ ರಂಗನಾಥ ರಾವ್ 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಂಡದೊಂದಿಗೆ ದ್ವಾರಕೆಯ ಕಡಲಲ್ಲಿ ಶೋಧ ನಡೆಸಿದಾಗ ಮೂರು ತೂತುಗಳ ಕಲ್ಲಿನ ಲಂಗರುಗಳು ಸಿಕ್ಕವು. ಮೇಲಿನ ತೂತು ಹಗ್ಗಕ್ಕೆ. ಕೆಳಗಿನ ಎರಡಕ್ಕೆ ಮರದ ಗೂಟ ತೂರಿಸುತ್ತಿದ್ದರು. ನೆಲ ಕಚ್ಚುತ್ತಿದ್ದುದು ಆ ಗೂಟಗಳೇ. ಆ ಲಂಗರುಗಳ ಕಾಲದ ಬಗ್ಗೆ ಪುರಾತತ್ವಜ್ಞರಲ್ಲಿ ಚರ್ಚೆ ಮುಗಿದಿಲ್ಲ. ಕೃಷ್ಣನ ಊರು ಸಿಕ್ಕಿತೆಂಬ ಗದ್ದಲದಲ್ಲಿ ಆ ತೂತುಗಳ ಜಾಣತನವನ್ನು ಗಮನಿಸಿದವರು ಕಡಿಮೆ ಎಂಬುದು ಬೇಸರದ ಸಂಗತಿ.

'ಲಂಗರು' ಪದವೂ ಬೀದರಿನವರಿಗೆ ಪರಕೀಯವಲ್ಲ. ಪಾರ್ಸಿಯ 'ಲಂಗರ್' ಎಂಬುದಕ್ಕೆ ದೋಣಿ ನಿಲ್ಲಿಸುವ ಸಾಧನ ಎಂಬ ಅರ್ಥವೂ ಇದೆ, ಬಂದವರಿಗೆಲ್ಲ ಊಟ ಬಡಿಸುವ ಜಾಗ ಎಂಬ ಅರ್ಥವೂ ಇದೆ. ಗುರುನಾನಕ್ ಝೀರಾ ಗುರುದ್ವಾರದ ಪಂಕ್ತಿಯಲ್ಲಿ ಕೂತು ಉಂಡವರು ಆ ಎರಡನೆಯ ಅರ್ಥದ ರುಚಿ ಕಂಡಿದ್ದಾರೆ.

ಈಗ ಕಯಾಕಿಗೆ ಲಂಗರು ಕೂರಿಸುವ ವಿಚಾರ. ಇಲ್ಲಿ ನಮ್ಮ ನಾಡಿನ ಹರಿಗೋಲು ದಾರಿ ತಪ್ಪಿಸುತ್ತದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಆ ದೋಣಿಗಳನ್ನು ಕಂಡು ಬರೆದಿದ್ದಾನೆ. ದುಂಡು ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹಗ್ಗ ಎಲ್ಲಿ ಕಟ್ಟಿದರೂ ಒಂದೇ. ಕಯಾಕ್ ಹಾಗಲ್ಲ. ಅದರ ಪಕ್ಕೆಯ ನಡುವೆ, ಕೂತವರ ಕೈಗೆ ಸಿಗುವಲ್ಲಿ ಹಗ್ಗ ಕಟ್ಟಿದರೆ ದೋಣಿ ಗಾಳಿಗೂ ಅಲೆಗೂ ಅಡ್ಡ ನಿಲ್ಲುತ್ತದೆ. ಹಗ್ಗ ಆ ಬದಿಯನ್ನು ಕೆಳಕ್ಕೆ ಜಗ್ಗುತ್ತದೆ, ನೀರು ಒಳನುಗ್ಗುತ್ತದೆ, ದೋಣಿ ಮಗುಚುತ್ತದೆ. ಇಂಥ ಸಾವುಗಳಾದಾಗ "ಈ ನೀರು ವರ್ಷಕ್ಕೊಂದು ಬಲಿ ಕೇಳ್ತದೆ" ಎನ್ನುವವರು ಇಂದಿಗೂ ಇದ್ದಾರೆ. ನೀರು ಯಾರ ಬಲಿಯನ್ನೂ ಕೇಳುವುದಿಲ್ಲ. ತಪ್ಪು ಜಾಗದಲ್ಲಿ ಕಟ್ಟಿದ ಹಗ್ಗವೂ ಹಾಕಿಕೊಳ್ಳದ ಲೈಫ್ ಜಾಕೆಟ್ಟೂ ಜೀವ ತೆಗೆಯುತ್ತವೆ.

ಹಗ್ಗ ಇರಬೇಕಾದ್ದು ಮೂತಿಯಲ್ಲಿ, ಇಲ್ಲವೇ ಬಾಲದಲ್ಲಿ. ಹಾಗೆಂದು ಅದನ್ನು ಕಟ್ಟಲು ಅಲುಗಾಡುವ ಕಯಾಕಿನಲ್ಲಿ ಮೂತಿಯವರೆಗೆ ತೆವಳಲಾಗದು. ಇದಕ್ಕೆ 'ಆಂಕರ್ ಟ್ರಾಲಿ' ಎಂಬ ಸೊಗಸಾದ ಉಪಾಯವಿದೆ. ಮೂತಿಯ ಹತ್ತಿರ ಒಂದು, ಬಾಲದ ಹತ್ತಿರ ಒಂದು ಪುಟ್ಟ ರಾಟೆ. ಅವೆರಡರ ನಡುವೆ ಪಕ್ಕೆಯುದ್ದಕ್ಕೂ ಸುತ್ತಿ ಬರುವ ಹಗ್ಗ, ಅದರಲ್ಲಿ ಒಂದು ಉಂಗುರ. ಲಂಗರಿನ ಹಗ್ಗವನ್ನು ಉಂಗುರದೊಳಗೆ ತೂರಿಸಿ, ಬಾವಿಯ ಹಗ್ಗ ಸೇದುವಂತೆ ಸೇದಿದರೆ ಉಂಗುರ ಮೂತಿಗೋ ಬಾಲಕ್ಕೋ ಹೋಗಿ ನಿಲ್ಲುತ್ತದೆ. ಕೂತವರು ಜಾಗ ಬಿಟ್ಟು ಕದಲಬೇಕಿಲ್ಲ. ರಾಟೆಗಳನ್ನು ಸ್ಟೇನ್‌ಲೆಸ್ ಬೋಲ್ಟಿನಿಂದಲೋ ರಿವೆಟ್ಟಿನಿಂದಲೋ ಕೂರಿಸಿ, ಕೊರೆದ ತೂತುಗಳಿಗೆ ನೀರು ಸೋರದಂತೆ ಸೀಲೆಂಟ್ ತುಂಬಬೇಕು.

ಇನ್ನೆರಡು ಸಂಗತಿಗಳನ್ನು ಮರೆಯುವಂತಿಲ್ಲ. ಕೊಕ್ಕೆ ಮುಳುಗಿದ ಜಾಲಿಯ ಬೊಡ್ಡೆಗೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಅದಕ್ಕೇ ಹಗ್ಗವನ್ನು ಲಂಗರಿನ ಬುಡಕ್ಕೆ, ಕೊಕ್ಕೆಗಳು ಕೂಡುವ ಕಡೆಗೆ ಕಟ್ಟಿ, ಮೇಲಿನ ಬಳೆಗೆ ಪ್ಲಾಸ್ಟಿಕ್ ಟೈನಿಂದ ಬಿಗಿಯಬೇಕು. ಜೋರಾಗಿ ಜಗ್ಗಿದರೆ ಟೈ ಹರಿದು, ಲಂಗರು ಹಿಂದುಮುಂದಾಗಿ ಸಲೀಸಾಗಿ ಎದ್ದು ಬರುತ್ತದೆ. ಎರಡನೆಯದು, ಹಗ್ಗದ ತುದಿಯಲ್ಲಿ ತೇಲುಬುರುಡೆ. ಅಪಾಯ ಬಂದಾಗ ಹಗ್ಗ ಬಿಟ್ಟು ದೂರ ಹೋಗಿ, ಆಮೇಲೆ ಬುರುಡೆಯನ್ನು ಹುಡುಕಿ ಲಂಗರು ಎತ್ತಬಹುದು. ಸೀಲ್ ಚರ್ಮದ ಕಯಾಕಿನಲ್ಲಿ ಬೇಟೆಗೆ ಹೋಗುತ್ತಿದ್ದ ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ತಮ್ಮ ಈಟಿಯ ಹಗ್ಗಕ್ಕೆ ಗಾಳಿ ತುಂಬಿದ ಸೀಲ್ ಚರ್ಮದ ಬುರುಡೆ ಕಟ್ಟುತ್ತಿದ್ದರು. ಪ್ರಾಣಿ ಎಳೆದದ್ದು ಬುರುಡೆಯನ್ನು, ಕಯಾಕನ್ನಲ್ಲ.

ಚಿದ್ರಿಯ ಓದುಗರು ಕಲ್ಲನ್ನು ದಂಡೆಯಲ್ಲೇ ಬಿಡಲಿ. ಒಂದೂವರೆ ಕಿಲೊ ಲಂಗರು, ಒಂದು ಮೀಟರ್ ಸರಪಳಿ, ಇಪ್ಪತ್ತೈದು ಮೀಟರ್ ಹಗ್ಗ, ಹಗ್ಗ ಕತ್ತರಿಸಲು ಕೈಗೆಟುಕುವಲ್ಲಿ ಒಂದು ಚಾಕು ಇರಲಿ. ಲೈಫ್ ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟುಕೊಳ್ಳದೆ ಮೈಮೇಲೆ ಹಾಕಿಕೊಳ್ಳಲಿ. ಮೊದಲ ಸಲ ಲಂಗರು ಇಳಿಸಿ ಎತ್ತುವುದನ್ನು ಸೊಂಟದ ಮಟ್ಟದ ನೀರಿನಲ್ಲಿ, ದಂಡೆಯ ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಲಿ.