ಕಟ್ಟಿ ಮುಗಿಸಿದ ಸಾಲ ಇನ್ನೂ ಬಾಕಿ ಅಂತಿದೆಯಾ? ಕ್ರೆಡಿಟ್ ರಿಪೋರ್ಟ್ ತಿದ್ದಿಸೋದು ಹೀಗೆ

ಸಂಬಳ ಸರಿಯಾಗಿ ಬರ್ತಿದೆ, ಇಎಂಐ ಒಂದೂ ತಪ್ಪಿಲ್ಲ, ಆದ್ರೂ ಲೋನ್ ರಿಜೆಕ್ಟ್. ಕೇಳಿದ್ರೆ ‘ಸಿಬಿಲ್ ಸರಿಯಿಲ್ಲ’ ಅಂತಾರೆ. ಸ್ಕೋರ್ ಅನ್ನೋದು 300ರಿಂದ 900ರವರೆಗಿನ ಒಂದು ಅಂಕ ಅಷ್ಟೇ. ಆ ಅಂಕ ಯಾಕೆ ಬಂತು ಅನ್ನೋದು ರಿಪೋರ್ಟ್‌ನಲ್ಲಿ ಇರತ್ತೆ. ಆ ರಿಪೋರ್ಟ್‌ನಲ್ಲೇ ತಪ್ಪಿದ್ರೆ?

ಮೊದಲು ರಿಪೋರ್ಟ್ ತೆಗೀರಿ. ನಮ್ಮ ದೇಶದಲ್ಲಿ ಇದನ್ನು ಕೊಡೋದು ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸೇರಿ ನಾಲ್ಕು ಕಂಪನಿಗಳಿವೆ. ಆರ್‌ಬಿಐ ನಿಯಮದ ಪ್ರಕಾರ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಅವರದೇ ವೆಬ್‌ಸೈಟ್‌ಗೆ ಹೋಗಿ. ನಮ್ಮ ರಿಪೋರ್ಟ್ ನಾವೇ ನೋಡಿದ್ರೆ ಸ್ಕೋರ್ ಇಳಿಯಲ್ಲ, ಭಯ ಬೇಡ. ಒಂದರಲ್ಲಿರೋ ತಪ್ಪು ಇನ್ನೊಂದರಲ್ಲಿ ಇಲ್ಲದೇ ಇರಬಹುದು, ಹಾಗಾಗಿ ನಾಲ್ಕನ್ನೂ ನೋಡಿ.

ಏನು ನೋಡ್ಬೇಕು? ಹೆಸರು, ಪ್ಯಾನ್, ಹುಟ್ಟಿದ ದಿನ ಸರಿಯಿದೆಯಾ? ಮುಗಿದ ಸಾಲ ‘ಕ್ಲೋಸ್ಡ್’ ಅಂತಿದೆಯಾ? ‘ಸೆಟಲ್ಡ್’ ಅಂತಿದ್ರೆ ಹುಷಾರು. ಪೂರ್ತಿ ಕಟ್ಟದೆ ಕಡಿಮೆಗೆ ಮುಗಿಸಿದ್ದೀರಿ ಅಂತ ಅದರ ಅರ್ಥ. ಕಂತು ಎಷ್ಟು ದಿನ ತಡವಾಗಿದೆ ಅಂತ ತಿಂಗಳವಾರು ತೋರಿಸೋ ಕಡೆ ‘000’ ಇದ್ರೆ ತಡ ಆಗಿಲ್ಲ ಅಂತ. ಕೊನೆಗೆ, ‘ಎನ್‌ಕ್ವೈರಿ’ ವಿಭಾಗದಲ್ಲಿ ನೀವು ಅರ್ಜಿನೇ ಹಾಕದ ಬ್ಯಾಂಕ್ ಹೆಸರಿದೆಯಾ ನೋಡಿ.

ಇಲ್ಲೊಂದು ಮಾತು. ಗೊತ್ತಿಲ್ಲದ ಕಂಪನಿ ಹೆಸರು ಕಂಡ ಕೂಡಲೇ ‘ಇದು ನನ್ನ ಸಾಲ ಅಲ್ಲ’ ಅನ್ಬೇಡಿ. ಆ್ಯಪ್‌ನಲ್ಲಿ ‘ಪೇ ಲೇಟರ್’ ಒತ್ತಿರ್ತೀವಿ, ಆದ್ರೆ ದುಡ್ಡು ಕೊಟ್ಟಿರೋದು ಬೇರೆ ಯಾವುದೋ ಎನ್‌ಬಿಎಫ್‌ಸಿ. ರಿಪೋರ್ಟ್‌ನಲ್ಲಿ ಬರೋದು ಅದರ ಹೆಸರು. ಸಾಲ ಮಂಜೂರಾದ ತಾರೀಖು, ಮೊತ್ತ ಎರಡನ್ನೂ ನಿಮ್ಮ ಹಳೇ ಮೆಸೇಜ್ ಜೊತೆ ತಾಳೆ ನೋಡಿ. ನಿಜವಾಗ್ಲೂ ನಿಮ್ಮದಲ್ಲ ಅಂದ್ರೆ ಅದು ವಂಚನೆ ಇರಬಹುದು. 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ತಪ್ಪು ಖಚಿತವಾಯ್ತಾ? ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟ್‌ನಲ್ಲಿ ‘ಡಿಸ್‌ಪ್ಯೂಟ್’ ಹಾಕಿ, ಉಚಿತ. ಆದ್ರೆ ಸಾಲ ಕೊಟ್ಟವರು ಒಪ್ಪದೆ ಆ ಕಂಪನಿ ಅಕ್ಷರವನ್ನೂ ಬದಲಿಸಲ್ಲ. ಅದಕ್ಕೇ ಬ್ಯಾಂಕ್‌ಗೂ ಅದೇ ದಿನ ಇಮೇಲ್ ಕಳಿಸಿ; ಬಾಕಿ ಇಲ್ಲ ಅನ್ನೋ ಪತ್ರ, ಕೊನೇ ಕಂತಿನ ರಸೀದಿ ಲಗತ್ತಿಸಿ. ದೂರಿನ ನಂಬರ್ ಜೋಪಾನ.

ದೂರು ಕೊಟ್ಟ 30 ದಿನದೊಳಗೆ ಬಗೆಹರಿಸಬೇಕು. ಇದರಲ್ಲಿ ಬ್ಯಾಂಕ್‌ಗೆ 21 ದಿನ. ಮೀರಿದ್ರೆ, ತಡ ಮಾಡಿದವರು ದಿನಕ್ಕೆ ₹100ರಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಆಗ್ಲೂ ಕೆಲಸ ಆಗ್ಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ. ಅದಕ್ಕೂ ಫೀಸ್ ಇಲ್ಲ.

ಒಂದು ಕಹಿ ಸತ್ಯ: ನಿಜವಾಗಿ ತಡವಾಗಿ ಕಟ್ಟಿದ ಕಂತನ್ನು ಯಾರೂ ಅಳಿಸೋಕಾಗಲ್ಲ. ‘ಐದು ಸಾವಿರ ಕೊಡಿ, ಸ್ಕೋರ್ ಏರಿಸ್ತೀವಿ’ ಅನ್ನೋರಿಗೆ ದುಡ್ಡೂ ಕೊಡ್ಬೇಡಿ, ಓಟಿಪಿಯೂ ಕೊಡ್ಬೇಡಿ.

ತಿದ್ದುಪಡಿಗೆ ಒಂದು ತಿಂಗಳಾದ್ರೂ ಹಿಡಿಯಬಹುದು. ಹಾಗಾಗಿ ಬೈಕಿಗೋ ಮನೆಗೋ ಅರ್ಜಿ ಹಾಕೋ ಎರಡು-ಮೂರು ತಿಂಗಳು ಮುಂಚೆನೇ ರಿಪೋರ್ಟ್ ನೋಡಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.