‘ಜಾತ್ಯತೀತ’ ಪದವನ್ನು ಮಕ್ಕಳ ಮುಂದೆ ಬಿಡಿಸುವ ಬಗೆ

ಸಂವಿಧಾನದ ಪ್ರಸ್ತಾವನೆಯ ಪಾಠದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಎಡವುವುದು ‘ಜಾತ್ಯತೀತ’ ಎಂಬ ಪದದ ಹತ್ತಿರ. ಮಂಗಸೂಳಿ, ಕಾಗವಾಡ ಭಾಗದ ಶಾಲೆಗಳಲ್ಲಿ ನಾನು ವೀಕ್ಷಿಸಿದ ಪಾಠಗಳಲ್ಲಿ ಈ ಪದದ ಅರ್ಥ ಕೇಳಿದರೆ ಮಕ್ಕಳಿಂದ ಬರುವ ಉತ್ತರ ಬಹುತೇಕ ಒಂದೇ: “ಜಾತಿ ಇಲ್ಲದ್ದು, ಸರ್.” ಒಬ್ಬ ಹುಡುಗ “ಅದು ಪಕ್ಷದ ಹೆಸರ್ರಿ” ಎಂದ, ಅವನದೂ ಪೂರಾ ತಪ್ಪಲ್ಲ. ಪ್ರಶಿಕ್ಷಣಾರ್ಥಿ ನಕ್ಕು, ‘ಎಲ್ಲ ಧರ್ಮಗಳೂ ಒಂದೇ’ ಎಂದು ಹಲಗೆಯ ಮೇಲೆ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ.

ಆ ವಾಕ್ಯ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಧರ್ಮಗಳು ಒಂದೇ ಎಂದು ಯಾರೂ ಒಪ್ಪಬೇಕಾಗಿಯೂ ಇಲ್ಲ. ಸರ್ಕಾರ ಯಾವ ಧರ್ಮದ ಪರವಾಗಿಯೂ ನಿಲ್ಲಬಾರದು, ಧರ್ಮದ ಕಾರಣಕ್ಕೆ ಯಾವ ಪ್ರಜೆಯನ್ನೂ ಬೇರೆಯಾಗಿ ಕಾಣಬಾರದು ಎಂಬುದಷ್ಟೇ ಮಾತು. ಗಡಿಭಾಗದ ನಮಗೆ ಇದನ್ನು ವಿವರಿಸಲು ಒಂದು ಅನುಕೂಲವಿದೆ. ಮಕ್ಕಳಿಗೆ ಕನ್ನಡದ ಜೊತೆ ಮರಾಠಿ ಗೊತ್ತು, ಹಿಂದಿ ಪಠ್ಯವೂ ಇದೆ. ಕನ್ನಡದ ‘ಜಾತ್ಯತೀತ’, ಮರಾಠಿಯ ‘ಧರ್ಮನಿರಪೇಕ್ಷ’, ಹಿಂದಿಯ ‘ಪಂಥನಿರಪೇಕ್ಷ’ ಮೂರನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ಒಂದೇ ಪ್ರಸ್ತಾವನೆ, ಒಂದೇ ಜಾಗ, ಮೂರು ಪದ. ನಮ್ಮ ಹಳ್ಳಿಮಾತಿನಲ್ಲಿ ‘ಯಾವ ಜಾತಿ?’ ಎಂದರೆ ಧರ್ಮವನ್ನೂ ಕೇಳಿದಂತೆ. ಕನ್ನಡ ಪದದ ಗೊಂದಲ ಎಲ್ಲಿಂದ ಬಂತೆಂದು ಮಕ್ಕಳೇ ಹೇಳುತ್ತಾರೆ. ಈ ಪದ ಪ್ರಸ್ತಾವನೆಗೆ ಸೇರಿದ್ದು 1976ರ 42ನೆಯ ತಿದ್ದುಪಡಿಯಲ್ಲಿ. ಆದರೆ ಅದರ ತಿರುಳಾದ 15ನೆಯ ವಿಧಿ, 25ರಿಂದ 28ರವರೆಗಿನ ವಿಧಿಗಳು 1950ರಿಂದಲೂ ಇವೆ.

ಉದಾಹರಣೆ ಕೊಡಿ ಎಂದರೆ ಪ್ರಶಿಕ್ಷಣಾರ್ಥಿಗಳು ನೇರವಾಗಿ ಮಂಗಸೂಳಿಯ ಖಂಡೋಬನ ಗುಡಿಗೆ ಹೋಗುತ್ತಾರೆ. ಸಹಜವೇ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬರುತ್ತಾರೆ, ಭಂಡಾರ ಎಲ್ಲರ ತಲೆಯ ಮೇಲೂ ಬೀಳುತ್ತದೆ. ಜನಪದ ಕಥೆಯಲ್ಲಿ ದೇವರ ಒಬ್ಬ ಹೆಂಡತಿ ಮ್ಹಾಳಸಾ ಲಿಂಗಾಯತ ವಾಣಿಗರ ಮಗಳು, ಇನ್ನೊಬ್ಬಳು ಬಾಣಾಯಿ ಧನಗರರವಳು. ಮುಸ್ಲಿಮರ ಬಾಯಲ್ಲಿ ಅವನೇ ಮಲ್ಲೂಖಾನ್. ಹತ್ತಿರದ ಮಿರಜಿನ ದರ್ಗಾದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ನೆನಪಿಗೆ ವರ್ಷವೂ ನಡೆಯುವ ಸಂಗೀತವನ್ನೂ ಸೇರಿಸಬಹುದು. ಇವೆಲ್ಲ ಚೆಂದದ ಉದಾಹರಣೆಗಳು, ಆದರೆ ಇವು ಸಾಮರಸ್ಯದ ಉದಾಹರಣೆಗಳು. ಜನ ಪ್ರೀತಿಯಿಂದ ಕೂಡುವುದು ಅವರ ಇಚ್ಛೆ. ನಾಳೆ ಮನಸ್ಸು ಮುರಿದರೆ ಜಾತ್ರೆ ಯಾರ ಹಕ್ಕನ್ನೂ ಕಾಯಲಾರದು. ಸಂವಿಧಾನದ ಪ್ರಶ್ನೆ ಶುರುವಾಗುವುದು ಗುಡಿಯ ಹೊರಗೆ, ಎಲ್ಲರ ದುಡ್ಡಿನಲ್ಲಿ ನಡೆಯುವ ಜಾಗಗಳಲ್ಲಿ: ನಳ, ರೇಷನ್ ಅಂಗಡಿ, ಸರ್ಕಾರಿ ಬಸ್ಸು, ದವಾಖಾನೆ, ಶಾಲೆ.

ಈ ಹೋರಾಟದ ಒಂದು ಎಳೆ ನಮ್ಮ ಜಿಲ್ಲೆಯಲ್ಲೇ ಇದೆ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1923ರಲ್ಲಿ ಎಸ್.ಕೆ. ಬೋಲೆಯವರು ಆ ಪ್ರಾಂತದ ಶಾಸನಸಭೆಯಲ್ಲಿ ಒಂದು ಗೊತ್ತುವಳಿ ತಂದರು. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕು ಎಂಬುದು ಅದರ ಸಾರ. ಎರಡು ವರ್ಷಗಳ ಮೇಲೆ, 1925ರ ಏಪ್ರಿಲ್‌ನಲ್ಲಿ, ಡಾ. ಅಂಬೇಡ್ಕರರು ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದರು. ಗೊತ್ತುವಳಿ ಕಾಗದದಲ್ಲೇ ಉಳಿದದ್ದರಿಂದ 1927ರಲ್ಲಿ ಮಹಾಡಿನ ಕೆರೆಗೆ ಇಳಿಯಬೇಕಾಯಿತು. 15ನೆಯ ವಿಧಿಯ ಎರಡನೆಯ ಭಾಗದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ಅಂಗಡಿಗಳ ಹೆಸರು ಹೇಳಿ, ಧರ್ಮ, ಜಾತಿ ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿರುವುದು ಏಕೆಂದು ಈ ಕಥೆಯಿಂದ ಮಕ್ಕಳಿಗೆ ತಿಳಿಯುತ್ತದೆ.

ಇನ್ನು ಶಾಲೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೆಯ ವಿಧಿ. ಅನುದಾನಿತ ಶಾಲೆಯಲ್ಲಿ ಅದು ನಡೆದರೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಬೇರೆ ಬೇರೆ ಧರ್ಮಗಳ ಬಗ್ಗೆ ಪಾಠ ಹೇಳುವುದು ಬೇರೆ, ಒಂದು ಧರ್ಮದ ಆಚರಣೆ ಮಾಡಿಸುವುದು ಬೇರೆ. ಕೇರಳದ ಬಿಜೋ ಇಮ್ಯಾನುಯಲ್ ಪ್ರಕರಣವನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ತಮ್ಮ ನಂಬಿಕೆಯ ಕಾರಣ ರಾಷ್ಟ್ರಗೀತೆ ಹಾಡದೆ, ಆದರೆ ಗೌರವದಿಂದ ಎದ್ದು ನಿಲ್ಲುತ್ತಿದ್ದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಪ್ರಶಿಕ್ಷಣಾರ್ಥಿಗಳು ಇದರ ಮೇಲೆ ಗಟ್ಟಿಯಾಗಿ ವಾದಿಸುತ್ತಾರೆ, ವಾದಿಸಲಿ. ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರಿನ 1994ರ ತೀರ್ಪು ಜಾತ್ಯತೀತತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದೆಂದಿತು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಪ್ರೌಢಶಾಲೆಗೆ ಸಾಕು.

ನನಗೆ ಹೆಚ್ಚು ಚಿಂತೆ ಇರುವುದು ಪಾಠದ ಮಾತಿಗಿಂತ ಪಾಠದ ನಡೆಯ ಬಗ್ಗೆ. “ನಮ್ಮಲ್ಲಿ ಮುಸ್ಲಿಮರು ಯಾರು? ಜೈನರು ಯಾರು? ಎದ್ದು ನಿಲ್ಲಿ” ಎಂದು ವೈವಿಧ್ಯ ತೋರಿಸುವ ಚಟುವಟಿಕೆ ಪಾಠಯೋಜನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಒಂದು ಪಾಠದಲ್ಲಿ ಒಬ್ಬಳೇ ಎದ್ದು ನಿಂತ ಹುಡುಗಿ ಗಂಟೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಜಾತ್ಯತೀತತೆಯ ಪಾಠವೇ ಆಕೆಯನ್ನು ಬೇರೆ ಮಾಡಿ ನಿಲ್ಲಿಸಿತ್ತು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಜಾತಿ, ಧರ್ಮ ಕೂಗಿ ಹಂಚುವುದೂ ಅಂಥದ್ದೇ. ಹೆಸರು ಹಿಡಿದು ಕರೆದು ಕೈಗೆ ಕೊಟ್ಟರೆ ಎರಡು ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೇ. ಹಿಜಾಬ್ ಪ್ರಕರಣವನ್ನು ಚರ್ಚಾಸ್ಪರ್ಧೆ ಮಾಡುವುದಕ್ಕೂ ನನ್ನ ವಿರೋಧವಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಇಷ್ಟನ್ನು ಸಂಗತಿಯಾಗಿ ಹೇಳಿ, ಎರಡೂ ಕಡೆಯ ವಾದವನ್ನು ಶಿಕ್ಷಕರೇ ಮಂಡಿಸಬೇಕು. ತರಗತಿಯ ಯಾವ ಮಗುವೂ ತನ್ನ ಸಮುದಾಯದ ವಕೀಲನಾಗಿ ನಿಲ್ಲುವಂತಾಗಬಾರದು.

ಈ ಸಲದ ತಂಡ ಮೌಲ್ಯಮಾಪನದ ಪ್ರಶ್ನೆಯನ್ನು ಬದಲಿಸಿದೆ. ‘ಜಾತ್ಯತೀತ ಎಂದರೇನು?’ ಎಂಬುದರ ಬದಲು ಹೀಗಿದೆ: ‘ನಿಮ್ಮ ಓಣಿಯ ಸರ್ಕಾರಿ ನಳದಲ್ಲಿ ಒಬ್ಬರ ಕೊಡವನ್ನು ಅವರ ಧರ್ಮದ ಕಾರಣಕ್ಕೆ ಪಕ್ಕಕ್ಕೆ ಸರಿಸಿದರು. ನೀವು ಯಾರಿಗೆ ಅರ್ಜಿ ಬರೆಯುವಿರಿ? ಅದರಲ್ಲಿ ಯಾವ ವಿಧಿಯನ್ನು ಹೆಸರಿಸುವಿರಿ?’ ಉತ್ತರಗಳನ್ನು ಈಗ ತಿದ್ದುತ್ತಿದ್ದೇವೆ. ಬಹಳ ಮಕ್ಕಳು ಪಂಚಾಯಿತಿಯ ಪಿಡಿಓಗೆ ಬರೆದಿದ್ದಾರೆ, ಕೆಲವರು ತಹಶೀಲ್ದಾರರಿಗೆ. ಒಬ್ಬಳು ಮಾತ್ರ ಅರ್ಜಿಗೆ ಮೊದಲು ಕೊಡವನ್ನು ಸಾಲಿನಲ್ಲಿ ತಿರುಗಿ ಇಡುತ್ತೇನೆ ಎಂದು ಬರೆದಿದ್ದಾಳೆ. ಅದಕ್ಕೆ ಎಷ್ಟು ಅಂಕ ಕೊಡಬೇಕೆಂಬ ಚರ್ಚೆ ನಮ್ಮ ಸಿಬ್ಬಂದಿ ಕೋಣೆಯಲ್ಲಿ ಇನ್ನೂ ನಡೆದಿದೆ.